ಬುರ್ಜ್ ಖಲೀಫಾ ಹತ್ತುವ ಮೊದಲು: ಸಮಯ, ಟಿಕೆಟ್, ದಾರಿ ಮತ್ತು ಮೇಲೆ ನೋಡಬೇಕಾದದ್ದು

ಊರಿನಿಂದ ಯಾರೇ ದುಬೈಗೆ ಬರಲಿ, ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲೇ ಒಂದು ಪ್ರಶ್ನೆ ಬರುತ್ತದೆ. "ಬುರ್ಜ್ ಖಲೀಫಾಕ್ಕೆ ಯಾವಾಗ ಹೋಗೋದು?" ಅಮ್ಮ ಬಂದಾಗಲೂ ಅದೇ, ಚಿಕ್ಕಪ್ಪನ ಮಕ್ಕಳು ಬಂದಾಗಲೂ ಅದೇ. ಹೀಗೆ ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗಿ ಹೋಗಿ, ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ ಎಂದು ನನಗೆ ಸ್ಪಷ್ಟವಾಗಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಎಷ್ಟನೇ ಮಹಡಿಗೆ ಹೋಗುತ್ತೀರಿ ಅನ್ನುವುದಕ್ಕಿಂತ ಎಷ್ಟು ಗಂಟೆಗೆ ಹೋಗುತ್ತೀರಿ ಅನ್ನುವುದೇ ಮುಖ್ಯ. ಹೆಚ್ಚಿನವರು ಮಹಡಿಯ ಬಗ್ಗೆ ತುಂಬಾ ಯೋಚನೆ ಮಾಡಿ, ಸಮಯವನ್ನು ಸುಮ್ನೆ ಸಿಕ್ಕಿದ್ದು ಆರಿಸುತ್ತಾರೆ. ನೀವು ಹಾಗೆ ಮಾಡಬೇಡಿ.

1. ಯಾವ ಮಹಡಿ?

ಕಟ್ಟಡದ ಎತ್ತರ 828 ಮೀಟರ್. 2004ರಲ್ಲಿ ಕೆಲಸ ಶುರುವಾಗಿ, 2010ರ ಜನವರಿ 4ರಂದು ಉದ್ಘಾಟನೆ ಆಯಿತು. ಕಟ್ಟುವಾಗ ಇದರ ಹೆಸರು ಬುರ್ಜ್ ದುಬೈ. ಉದ್ಘಾಟನೆಯ ದಿನ ಆಗಿನ ಯುಎಇ ಅಧ್ಯಕ್ಷ ಶೇಖ್ ಖಲೀಫಾ ಅವರ ಹೆಸರಿಟ್ಟರು. ತುತ್ತತುದಿಯವರೆಗೆ ಜನರನ್ನು ಬಿಡುವುದಿಲ್ಲ. ಮೇಲಿನ ಉದ್ದನೆಯ ಭಾಗ ಬರೀ ಉಕ್ಕಿನ ಕಳಶ.

ಸಾಮಾನ್ಯ ಟಿಕೆಟ್ 124 ಮತ್ತು 125ನೇ ಮಹಡಿಗೆ. 124ನೇ ಮಹಡಿ ನೆಲದಿಂದ 452 ಮೀಟರ್ ಎತ್ತರದಲ್ಲಿದೆ. ಇನ್ನೊಂದು ಟಿಕೆಟ್ 148ನೇ ಮಹಡಿಗೆ, ಅದು 555 ಮೀಟರ್ ಎತ್ತರ. ಅದಕ್ಕೂ ಮೇಲೆ 152ರಿಂದ 154ರವರೆಗೆ ಒಂದು ಲೌಂಜ್ ಇದೆ. ಚಹಾ ತಿಂಡಿಯ ಜೊತೆ ಕೂತು ನೋಡುವವರಿಗೆ ಅದು.

ನನ್ನ ಅಭಿಪ್ರಾಯದಲ್ಲಿ ಮೊದಲ ಸಲ ಹೋಗುವವರಿಗೆ 124 ಸಾಕು. ಕಾರಣ ಹೇಳುತ್ತೇನೆ. 452 ಮೀಟರ್ ಎತ್ತರದಿಂದ ದಿಗಂತ ಸುಮಾರು 76 ಕಿಲೋಮೀಟರ್ ದೂರ ಇರುತ್ತದೆ. 555 ಮೀಟರ್‌ನಿಂದ ಸುಮಾರು 84. ಈ ಎಂಟು ಕಿಲೋಮೀಟರ್ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದಿಲ್ಲ. ವರ್ಷದ ಹೆಚ್ಚಿನ ದಿನ ಧೂಳಿನ ಮಬ್ಬಿನಲ್ಲಿ ಅಷ್ಟು ದೂರ ಕಾಣುವುದೂ ಇಲ್ಲ. ಮೇಲಕ್ಕೆ ಹೋದಷ್ಟೂ ಕೆಳಗಿನ ರಸ್ತೆ, ಕಾರು, ಕಾರಂಜಿ ಎಲ್ಲ ಇನ್ನೂ ಚಿಕ್ಕದಾಗುತ್ತವೆ, ಅಷ್ಟೇ.

148ಕ್ಕೆ ಹೋಗುವುದರಲ್ಲಿ ಇರುವ ನಿಜವಾದ ಲಾಭ ಎತ್ತರವಲ್ಲ, ನೆಮ್ಮದಿ. ಅಲ್ಲಿ ಜನ ಕಡಿಮೆ. ಜೊತೆಗೆ ಒಬ್ಬರು ಬಂದು ವಿವರಿಸುತ್ತಾರೆ. ಕಾಫಿ, ಖರ್ಜೂರ ಕೊಡುತ್ತಾರೆ. ಇಳಿಯುವಾಗ 125, 124 ಕೂಡ ನೋಡಬಹುದು. ಜೊತೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ, ನೂಕುನುಗ್ಗಲು ಅವರಿಗೆ ಆಗದಿದ್ದರೆ, ಆಗ ಆ ದುಡ್ಡು ದಂಡ ಅಲ್ಲ. ಅದರ ದರ ಮಾತ್ರ ಸಾಮಾನ್ಯ ಟಿಕೆಟ್‌ಗಿಂತ ತುಂಬಾ ಜಾಸ್ತಿ. ನಾಲ್ಕು ಜನರ ಕುಟುಂಬವಾದರೆ ಲೆಕ್ಕ ಹಾಕಿಯೇ ಮುಂದುವರಿಯಿರಿ.

2. ಎಷ್ಟು ಗಂಟೆಗೆ? ಇಲ್ಲಿ ನಿಧಾನವಾಗಿ ಯೋಚಿಸಿ

ಇಡೀ ಭೇಟಿ ನಿಂತಿರುವುದು ಇದರ ಮೇಲೆ. ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ, ಒಂದೂಕಾಲು ಗಂಟೆ ಮೊದಲಿನ ಸ್ಲಾಟ್ ತೆಗೆದುಕೊಳ್ಳಿ. ಒಂದೇ ಟಿಕೆಟ್‌ನಲ್ಲಿ ಹಗಲಿನ ನಗರ, ಸೂರ್ಯಾಸ್ತ, ರಾತ್ರಿಯ ದೀಪ ಮೂರೂ ಸಿಗುತ್ತವೆ. ಮೇಲೆ ಹೋದ ಮೇಲೆ ಇಂತಿಷ್ಟೇ ಹೊತ್ತು ಎಂದು ಯಾರೂ ಕಳಿಸುವುದಿಲ್ಲ. ಟಿಕೆಟ್‌ನಲ್ಲಿರುವ ಸಮಯ ಒಳಗೆ ಹೋಗುವುದಕ್ಕೆ ಮಾತ್ರ.

ದುಬೈಯಲ್ಲಿ ಡಿಸೆಂಬರ್ ಶುರುವಿನಲ್ಲಿ ಸೂರ್ಯ ಸಂಜೆ 5:30ರ ಹೊತ್ತಿಗೇ ಮುಳುಗುತ್ತಾನೆ. ಜೂನ್ ಕೊನೆಯಲ್ಲಿ 7:10 ದಾಟುತ್ತದೆ. ಹಾಗಾಗಿ "ಆರು ಗಂಟೆಗೆ ಹೋದ್ರೆ ಸೂರ್ಯಾಸ್ತ ಸಿಗತ್ತೆ" ಎಂದು ಯಾರೋ ಹೇಳಿದ್ದನ್ನು ನಂಬಿ ಬುಕ್ ಮಾಡಬೇಡಿ. ನೀವು ಹೋಗುವ ದಿನದ ಸೂರ್ಯಾಸ್ತದ ಸಮಯ ನೋಡಿಕೊಂಡು, ಅದರಿಂದ ಹಿಂದಕ್ಕೆ ಎಣಿಸಿ.

ಈ ಸಂಜೆಯ ಸ್ಲಾಟ್‌ಗಳಿಗೆ ದರ ಜಾಸ್ತಿ. ಬೆಳಗ್ಗೆ ಮತ್ತು ತಡರಾತ್ರಿಯ ಸ್ಲಾಟ್‌ಗಳು ಅಗ್ಗ. ದುಡ್ಡು ಉಳಿಸಲೇಬೇಕು ಅಂದರೆ ನಾನು ತಡರಾತ್ರಿಗಿಂತ ಬೆಳಗ್ಗೆಯನ್ನೇ ಆರಿಸುತ್ತೇನೆ. ರಾತ್ರಿ ದೀಪಗಳು ಚಂದವೇ, ಆದರೆ ಸಮುದ್ರ ಎಲ್ಲಿ, ಮರುಭೂಮಿ ಎಲ್ಲಿ ಎಂದು ಏನೂ ತಿಳಿಯುವುದಿಲ್ಲ. ಊರು ಅರ್ಥವಾಗುವುದು ಹಗಲಲ್ಲೇ.

ತಿಂಗಳ ವಿಷಯಕ್ಕೆ ಬಂದರೆ, ನವೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಮಳೆ ಬಂದು ನಿಂತ ಮರುದಿನ ಸಿಕ್ಕಿದರೆ ಬಿಡಲೇಬೇಡಿ. ಗಾಳಿಯಲ್ಲಿನ ಧೂಳೆಲ್ಲ ತೊಳೆದುಹೋಗಿ ದೂರದ ತೀರವೂ ಗೆರೆ ಎಳೆದ ಹಾಗೆ ಕಾಣುತ್ತದೆ. ಬೇಸಿಗೆಯಲ್ಲಿ ಮರಳುಗಾಳಿ ಬೀಸಿದರೆ ಎಲ್ಲ ಮಬ್ಬು. ಚಳಿಗಾಲದ ಕೆಲವು ಬೆಳಗ್ಗೆ ದಟ್ಟ ಮಂಜು ಇರುತ್ತದೆ. ಆಗ ಮೋಡದ ಮೇಲೆ ನಿಂತ ಹಾಗಿರುತ್ತದೆ, ಊರು ಮಾತ್ರ ಕಾಣದೆಯೂ ಹೋಗಬಹುದು. ಹೊಸ ವರ್ಷದ ಹಿಂದಿನ ರಾತ್ರಿ ಆ ಕಡೆ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗಬೇಡಿ. ರಸ್ತೆಗಳನ್ನು ಮುಚ್ಚಿರುತ್ತಾರೆ, ವಾಪಸ್ ಬರುವುದು ಬಹಳ ಕಷ್ಟ.

3. ಟಿಕೆಟ್

ಅಧಿಕೃತ ವೆಬ್‌ಸೈಟಿನಲ್ಲೇ ಕೊಳ್ಳಿ. ಡಿಸೆಂಬರ್, ಜನವರಿ, ಈದ್ ರಜೆ, ದೀಪಾವಳಿ ವಾರಗಳಲ್ಲಿ ಸೂರ್ಯಾಸ್ತದ ಸ್ಲಾಟ್ ಬೇಗ ಮುಗಿಯುತ್ತದೆ. ಹಾಗಾಗಿ ಕೆಲವು ದಿನ ಮೊದಲೇ ಬುಕ್ ಮಾಡಿ. ಬೇರೆ ಸಮಯದಲ್ಲಿ ಒಂದೆರಡು ದಿನ ಮೊದಲು ಹವಾಮಾನ ನೋಡಿಕೊಂಡು ತೆಗೆದುಕೊಂಡರೆ ಒಳ್ಳೆಯದು. ಕೊಂಡ ಮೇಲೆ ದುಡ್ಡು ವಾಪಸ್ ಸಿಗುವುದಿಲ್ಲ ಎಂದುಕೊಂಡೇ ಕೊಳ್ಳಿ.

ಒಂದು ಸಲ ನಾನು ಒಬ್ಬ ಏಜೆಂಟರ ಮೂಲಕ ಟಿಕೆಟ್ ತೆಗೆದುಕೊಂಡಿದ್ದೆ. ಸ್ವಲ್ಪ ಕಡಿಮೆ ದರ ಅಂದಿದ್ದರು. ಸಂಜೆ ಐದರ ಸ್ಲಾಟ್ ಎಂದು ಹೇಳಿ, ಕೊನೆಗೆ ಕಳಿಸಿದ್ದು ರಾತ್ರಿ ಎಂಟೂವರೆಯದ್ದು. ಅಷ್ಟು ಹೊತ್ತಿಗೆ ಅಮ್ಮನನ್ನು ಕರೆದುಕೊಂಡು ಮಾಲ್‌ಗೆ ಬಂದಾಗಿತ್ತು. ಮೂರು ಗಂಟೆ ಕಾದೆವು. ಅಮ್ಮನ ಕಾಲು ಊದಿಕೊಂಡಿತ್ತು. ಅವರು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು. ಟಿಕೆಟ್ ಎಲ್ಲೇ ಕೊಳ್ಳಿ, ದಿನಾಂಕ, ಸಮಯ, ಮಹಡಿ ಈ ಮೂರನ್ನೂ ಕೈಗೆ ಬಂದ ತಕ್ಷಣ ಓದಿ.

ಕಟ್ಟಡದ ಟಿಕೆಟ್ ಜೊತೆಗೆ ಅಕ್ವೇರಿಯಂ, ಅದು ಇದು ಸೇರಿಸಿದ ಪ್ಯಾಕೇಜ್‌ಗಳೂ ಇರುತ್ತವೆ. ಅದೇ ದಿನ ಎರಡನ್ನೂ ನೋಡುವ ಶಕ್ತಿ ಇದ್ದರೆ ಮಾತ್ರ ಅವು ಲಾಭ.

4. ಅಲ್ಲಿಗೆ ತಲುಪುವುದು

ಗೊತ್ತಿಲ್ಲದವರು ಟ್ಯಾಕ್ಸಿಯವರಿಗೆ "ಬುರ್ಜ್ ಖಲೀಫಾ" ಎಂದು ಹೇಳಿ ಕಟ್ಟಡದ ಬುಡದಲ್ಲಿ ಇಳಿಯುತ್ತಾರೆ. ಅಲ್ಲಿರುವುದು ಹೋಟೆಲ್ ಮತ್ತು ಮನೆಗಳ ಬಾಗಿಲು. ಡೆಕ್‌ಗೆ, ಅಂದರೆ ಮೇಲೆ ನಿಂತು ನೋಡುವ ಮಹಡಿಗೆ, ಹೋಗುವ ದಾರಿ ಇರುವುದು ದುಬೈ ಮಾಲ್‌ನ ಒಳಗೆ, ಲೋವರ್ ಗ್ರೌಂಡ್ ಮಹಡಿಯಲ್ಲಿ. ಅಲ್ಲಿ "ಅಟ್ ದ ಟಾಪ್" ಎಂಬ ಬೋರ್ಡ್ ಹುಡುಕಿ. ಟ್ಯಾಕ್ಸಿಯವರಿಗೂ ಅದನ್ನೇ ಹೇಳಿ.

ನಾನು ಮೆಟ್ರೊವನ್ನೇ ಹೇಳುವುದು. ರೆಡ್ ಲೈನ್‌ನಲ್ಲಿ "ಬುರ್ಜ್ ಖಲೀಫಾ/ದುಬೈ ಮಾಲ್" ನಿಲ್ದಾಣದಲ್ಲಿ ಇಳಿಯಿರಿ. ಏರ್‌ಪೋರ್ಟಿನ ಟರ್ಮಿನಲ್ 1 ಮತ್ತು 3ರಿಂದ ಇದೇ ಲೈನ್ ಇದೆ. ಟರ್ಮಿನಲ್ 2ಕ್ಕೆ ಮೆಟ್ರೊ ಇಲ್ಲ. ಪ್ರಯಾಣಕ್ಕೆ ನೋಲ್ ಕಾರ್ಡ್ ಬೇಕು, ನಿಲ್ದಾಣದಲ್ಲೇ ಸಿಗುತ್ತದೆ. ರೈಲಿನಲ್ಲಿ ತಿನ್ನುವುದು, ಕುಡಿಯುವುದು ಮಾಡಿದರೆ ದಂಡ ಬೀಳುತ್ತದೆ. ಮಕ್ಕಳ ಕೈಗೆ ಬಿಸ್ಕತ್ತು ಕೊಡುವ ಅಭ್ಯಾಸ ಇರುವವರು ಇದನ್ನು ನೆನಪಿಡಿ. ಹೆಂಗಸರು ಮತ್ತು ಮಕ್ಕಳ ಬೋಗಿಗೆ ನೆಲದಲ್ಲೇ ಗುಲಾಬಿ ಗುರುತು ಇರುತ್ತದೆ. ಗಂಡಸರು ಗಡಿಬಿಡಿಯಲ್ಲಿ ಅಲ್ಲಿಗೆ ಹತ್ತಬೇಡಿ, ಅದಕ್ಕೂ ದಂಡ ಇದೆ.

ನಿಲ್ದಾಣದಿಂದ ಮಾಲ್‌ಗೆ ಸುಮಾರು 820 ಮೀಟರ್ ಉದ್ದದ ಎಸಿ ಸೇತುವೆ ಇದೆ. ನಡುನಡುವೆ ತಾನಾಗಿ ಚಲಿಸುವ ಪಟ್ಟಿಗಳಿವೆ. ಆಮೇಲೆ ಮಾಲ್‌ನ ಒಳಗೂ ಸಾಕಷ್ಟು ನಡೆಯಬೇಕು. ರೈಲಿನಿಂದ ಇಳಿದು ಡೆಕ್‌ನ ಬಾಗಿಲಿಗೆ ತಲುಪಲು 40 ನಿಮಿಷ ಇಟ್ಟುಕೊಳ್ಳಿ. ಸ್ಲಾಟ್‌ಗಿಂತ ಕಾಲು ಗಂಟೆ ಮೊದಲೇ ಅಲ್ಲಿರಿ. ಶೌಚಾಲಯ, ನೀರು, ತಿಂಡಿ ಎಲ್ಲ ಮಾಲ್‌ನಲ್ಲೇ ಮುಗಿಸಿ.

ಉಡುಪಿನ ಬಗ್ಗೆ ಎರಡೇ ಮಾತು: ಭುಜ, ಮಂಡಿ ಮುಚ್ಚಿರಲಿ. ಕಾಲಿಗೆ ಮೆತ್ತಗಿನ ಚಪ್ಪಲಿ ಅಥವಾ ಶೂ ಇರಲಿ. ಬೇಸಿಗೆಯಲ್ಲೂ ಒಂದು ಶಾಲು ಚೀಲದಲ್ಲಿರಲಿ. ಮಾಲ್‌ನ ಎಸಿಗೆ ಅಮ್ಮಂದಿರು ನಡುಗುತ್ತಾರೆ.

5. ಒಳಗೆ, ಲಿಫ್ಟ್‌ನಲ್ಲಿ

ವಿಮಾನ ನಿಲ್ದಾಣದ ಹಾಗೆ ಬ್ಯಾಗ್ ತಪಾಸಣೆ ಇರುತ್ತದೆ. ದೊಡ್ಡ ಬ್ಯಾಗ್, ಕ್ಯಾಮೆರಾ ಸ್ಟ್ಯಾಂಡ್ ತರಬೇಡಿ. ಗಾಲಿಕುರ್ಚಿಯಲ್ಲಿ ಬರುವವರಿಗೆ ತೊಂದರೆ ಇಲ್ಲ. ಶುರುವಿನಲ್ಲೇ ಒಬ್ಬರು ನಿಮ್ಮ ಫೋಟೊ ತೆಗೆಯುತ್ತಾರೆ. ಅದನ್ನು ಕೊನೆಗೆ ಒಳ್ಳೇ ಬೆಲೆಗೆ ಮಾರುತ್ತಾರೆ. ಬೇಡ ಅನಿಸಿದರೆ ನಗುತ್ತಲೇ ಬೇಡ ಎಂದು ಮುಂದೆ ಹೋಗಬಹುದು.

ಮುಂದೆ ಒಂದು ಉದ್ದನೆಯ ಹಾದಿ. ಗೋಡೆಗಳ ಮೇಲೆ ದುಬೈಯ ಮತ್ತು ಈ ಕಟ್ಟಡದ ಕಥೆ ಇದೆ. ಜನ ಇಲ್ಲಿ ಓಡುತ್ತಾರೆ. ಎರಡು ನಿಮಿಷ ನಿಂತು ಕಟ್ಟಡದ ಮಾದರಿಯನ್ನು ಮೇಲಿನಿಂದ ನೋಡಿ. ನಡುವೆ ಒಂದು ಗಟ್ಟಿ ತಿರುಳು, ಅದಕ್ಕೆ ಆನಿಕೊಂಡಂತೆ ಮೂರು ಕಡೆಗೆ ಮೂರು ರೆಕ್ಕೆ. ಒಂದು ರೆಕ್ಕೆಯನ್ನು ಗಾಳಿ ತಳ್ಳಿದರೆ ಉಳಿದೆರಡು ತಡೆಯುತ್ತವೆ. ಮೇಲೆ ಹೋದಂತೆ ರೆಕ್ಕೆಗಳು ಒಂದಾದ ಮೇಲೊಂದು ಸುತ್ತುತ್ತಾ ಹಿಂದೆ ಸರಿಯುತ್ತವೆ. ಹಾಗಾಗಿ ಪ್ರತಿ ಎತ್ತರದಲ್ಲೂ ಆಕಾರ ಬೇರೆ, ಗಾಳಿಗೆ ಒಂದೇ ಲಯದಲ್ಲಿ ಕಟ್ಟಡವನ್ನು ತೂಗಲು ಆಗುವುದಿಲ್ಲ. ವಾಸ್ತುಶಿಲ್ಪಿ ಏಡ್ರಿಯನ್ ಸ್ಮಿತ್ ಮತ್ತು ಎಂಜಿನಿಯರ್ ಬಿಲ್ ಬೇಕರ್ ಅವರ ಜಾಣತನ ಇರುವುದು ಇಲ್ಲಿ. ಇದನ್ನು ನೋಡಿ ಮೇಲೆ ಹೋದರೆ, ಅಲ್ಲಿ ಕಿಟಕಿಯಿಂದ ಬಗ್ಗಿ ನೋಡಿದಾಗ ಕೆಳಗೆ ಕಾಣುವ ಮೆಟ್ಟಿಲು ಮೆಟ್ಟಿಲಾದ ತಾರಸಿಗಳು ಏಕೆ ಹಾಗಿವೆ ಎಂದು ತಿಳಿಯುತ್ತದೆ.

ಲಿಫ್ಟ್ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಏರುತ್ತದೆ. ಸುಮಾರು ಒಂದು ನಿಮಿಷಕ್ಕೆ 124ನೇ ಮಹಡಿ. ಹೊರಗೆ ಏನೂ ಕಾಣುವುದಿಲ್ಲ, ಹಾಗಾಗಿ ಹೆದರುವವರಿಗೂ ಭಯವಿಲ್ಲ. ಕಿವಿ ಮಾತ್ರ ಕಟ್ಟುತ್ತದೆ, ನಮ್ಮ ಘಾಟಿ ಹತ್ತುವಾಗ ಆಗುವ ಹಾಗೆ. ಮಕ್ಕಳ ಬಾಯಿಗೆ ಮೊದಲೇ ಒಂದು ಪೆಪ್ಪರ್‌ಮಿಂಟ್ ಹಾಕಿ. ಬಾಗಿಲು ತೆರೆದಾಗ ಅಮ್ಮ ಕೇಳಿದ್ದು, "ಇಷ್ಟು ಬೇಗ ಬಂತಾ ಮಗಾ?"

6. ಮೇಲೆ: ಎಲ್ಲಿ ನಿಲ್ಲಬೇಕು, ಏನು ನೋಡಬೇಕು

ಎತ್ತರದ ಭಯ ಇರುವವರು ಮೊದಲು ಗಾಜಿನಿಂದ ಮೂರು ಹೆಜ್ಜೆ ಹಿಂದೆ ನಿಂತು ದೂರದ ದಿಗಂತವನ್ನೇ ನೋಡಿ. ಒಂದೆರಡು ನಿಮಿಷ ಬಿಟ್ಟು ಹತ್ತಿರ ಹೋಗಿ. ಕೆಳಗೆ ನೋಡುವುದು ಕೊನೆಗೆ ಇರಲಿ.

124ನೇ ಮಹಡಿಯಲ್ಲಿ ಹೊರಗಿನ ತೆರೆದ ಅಂಗಳವಿದೆ. ಆಳೆತ್ತರದ ಗಾಜು ಇದೆ, ಗಾಜುಗಳ ನಡುವೆ ಸಣ್ಣ ಸಂದಿ ಬಿಟ್ಟಿದ್ದಾರೆ. ಫೋನನ್ನು ಗಟ್ಟಿಯಾಗಿ ಹಿಡಿದು ಆ ಸಂದಿಯಿಂದ ಫೋಟೊ ತೆಗೆದರೆ ಗಾಜಿನ ಪ್ರತಿಬಿಂಬ ಬರುವುದಿಲ್ಲ. ಜೋರು ಗಾಳಿ ಇದ್ದ ದಿನ ಈ ಅಂಗಳವನ್ನು ಮುಚ್ಚುವುದೂ ಉಂಟು. ಆಗ ಒಳಗಿನಿಂದಲೇ, ಫೋನನ್ನು ಗಾಜಿಗೆ ಪೂರ್ತಿ ಒತ್ತಿ ಹಿಡಿದು ತೆಗೆಯಿರಿ.

ಬರೀ "ಎಷ್ಟು ಎತ್ತರ!" ಎಂದು ಹೇಳಿ ಇಳಿದು ಬರಬೇಡಿ. ಒಂದೊಂದು ದಿಕ್ಕಿಗೂ ಹತ್ತು ನಿಮಿಷ ಕೊಡಿ.

ವಾಯವ್ಯಕ್ಕೆ ಸಮುದ್ರ. ತೀರದ ಉದ್ದಕ್ಕೂ ಜುಮೇರಾದ ತಗ್ಗು ಮನೆಗಳು. ನೀರಿನಲ್ಲಿ ಮರಳಿನ ಚುಕ್ಕಿಗಳ ಹಾಗೆ ಕಾಣುವುದು, ಪ್ರಪಂಚದ ನಕ್ಷೆಯ ಆಕಾರದಲ್ಲಿ ಮನುಷ್ಯರು ತುಂಬಿಸಿ ಮಾಡಿದ ದ್ವೀಪಗಳು. ಎಡಕ್ಕೆ ತೀರವನ್ನೇ ಹಿಡಿದು ಕಣ್ಣು ಹಾಯಿಸಿದರೆ, ದೂರದಲ್ಲಿ ಹಾಯಿಯ ಆಕಾರದ ಬುರ್ಜ್ ಅಲ್ ಅರಬ್. ಅದು 321 ಮೀಟರ್ ಎತ್ತರದ ಹೋಟೆಲ್. ಅದೂ ಇಲ್ಲಿಂದ ನಿಮಗಿಂತ ಕೆಳಗೇ ಇದೆ.

ಈಶಾನ್ಯದ ಕಡೆ ಶೇಖ್ ಜಾಯೆದ್ ರಸ್ತೆಯನ್ನು ಹಿಡಿದು ಹೋಗಿ. ಆ ಗಾಜಿನ ಕಟ್ಟಡಗಳ ಸಾಲಿನ ಕೊನೆಯ ಕಡೆ, ಜೇನುಗೂಡಿನಂತೆ ಕಿಟಕಿಗಳಿರುವ ಒಂದು ಬಿಳಿ ಕಟ್ಟಡವನ್ನು ಹುಡುಕಿ. ಅದು ದುಬೈ ವರ್ಲ್ಡ್ ಟ್ರೇಡ್ ಸೆಂಟರ್. 1979ರಲ್ಲಿ ತೆರೆದಾಗ ಸುತ್ತಲೂ ಹೆಚ್ಚುಕಡಿಮೆ ಖಾಲಿ ಮರಳು, ಇದೊಂದೇ ದೈತ್ಯ. ಹಳೆಯ 100 ದಿರ್ಹಮ್ ನೋಟಿನ ಹಿಂಬದಿಯಲ್ಲಿರುವುದು ಅದೇ. ಎತ್ತರ ಸುಮಾರು 150 ಮೀಟರ್, ನೀವು ನಿಂತಿರುವ ಜಾಗದ ಮೂರನೇ ಒಂದು ಭಾಗ. ನಾನು ಎಲ್ಲರಿಗೂ ಮೊದಲು ಇದನ್ನೇ ತೋರಿಸುತ್ತೇನೆ. ನಮ್ಮ ಕರಾವಳಿಯಿಂದ ಎಪ್ಪತ್ತು ಎಂಬತ್ತರ ದಶಕದಲ್ಲಿ ಇಲ್ಲಿಗೆ ಬಂದ ಹಿರಿಯರಿದ್ದಾರಲ್ಲ, ಅವರ ಕಾಲದ ದುಬೈಯ ಅತಿ ಎತ್ತರದ ಕಟ್ಟಡ ಅದು. ಚಿಕ್ಕಪ್ಪ ಆ ಕಟ್ಟಡವನ್ನು ಬೆರಳಿನಿಂದ ತೋರಿಸಿ, "ನಾವು ಬಂದಾಗ ಅದನ್ನು ಕತ್ತೆತ್ತಿ ನೋಡ್ತಿದ್ದೆವು" ಎಂದಿದ್ದರು.

ಅದೇ ದಿಕ್ಕಿನಲ್ಲಿ ಇನ್ನೂ ಮುಂದೆ ದೊಡ್ಡ ಫೋಟೊ ಚೌಕಟ್ಟಿನಂತಿರುವ ದುಬೈ ಫ್ರೇಮ್, ಅದರಾಚೆ ಖಾರಿ (ಊರೊಳಗೆ ಚಾಚಿದ ಸಮುದ್ರದ ಕವಲು), ಅದರ ಎರಡೂ ಬದಿಗೆ ಹಳೆಯ ದೇರಾ ಮತ್ತು ಬರ್ ದುಬೈ. ಊರು ಹುಟ್ಟಿದ್ದು ಅಲ್ಲಿ. ಗಾಳಿ ಸ್ವಚ್ಛ ಇದ್ದರೆ ಮಾತ್ರ ಕಾಣುತ್ತದೆ.

ಆಗ್ನೇಯಕ್ಕೆ ಮರುಭೂಮಿ. ಮನೆಗಳು ಮುಗಿದು ಮರಳು ಶುರುವಾಗುವ ಗೆರೆ ಕಾಣುತ್ತದೆ. ಸೂರ್ಯಾಸ್ತದ ಹೊತ್ತಿಗೆ ಎಲ್ಲರೂ ಪಶ್ಚಿಮದ ಗಾಜಿಗೆ ಮುತ್ತಿಕೊಳ್ಳುತ್ತಾರೆ. ಆಗ ನೀವು ಪೂರ್ವದ ಕಡೆಗೆ ಬನ್ನಿ. ಅಲ್ಲಿ ಯಾರೂ ಇರುವುದಿಲ್ಲ, ಮತ್ತು ಅಲ್ಲಿ ಕಾಣುವುದು ಇಡೀ ಕಟ್ಟಡದ ನೆರಳು. ಸೂರ್ಯ ಮುಳುಗಲು ಮುಕ್ಕಾಲು ಗಂಟೆ ಇರುವಾಗ ಆ ನೆರಳಿನ ಉದ್ದ ಲೆಕ್ಕಕ್ಕೆ ನಾಲ್ಕು ಕಿಲೋಮೀಟರ್ ದಾಟಿರುತ್ತದೆ. ರಸ್ತೆ, ಮನೆ, ಮರಗಳ ಮೇಲೆ ಚೂಪಾದ ಒಂದು ಕಪ್ಪು ಗೆರೆ ಹರಿದು ಹೋಗುತ್ತದೆ. ನೋಡನೋಡುತ್ತಿದ್ದಂತೆ ಇನ್ನೂ ಉದ್ದವಾಗುತ್ತದೆ. ಸೂರ್ಯಾಸ್ತಕ್ಕಿಂತ ನನಗೆ ಇದೇ ಇಷ್ಟ.

ಸೂರ್ಯಾಸ್ತದಲ್ಲೂ ಒಂದು ವಿಶೇಷವಿದೆ. ನೆಲದ ಮೇಲಿರುವವರಿಗೆ ಸೂರ್ಯ ಮುಳುಗಿದ ಮೇಲೂ ಮೇಲಿರುವವರಿಗೆ ಒಂದೆರಡು ನಿಮಿಷ ಕಾಣುತ್ತಿರುತ್ತಾನೆ. ಹಾಗಾಗಿಯೇ 2011ರಲ್ಲಿ ದುಬೈಯ ಧರ್ಮಗುರುಗಳು, ಈ ಕಟ್ಟಡದ 80ನೇ ಮಹಡಿಯ ಮೇಲಿರುವವರು ರಂಜಾನ್ ಉಪವಾಸ ಬಿಡಲು ಎರಡು ನಿಮಿಷ ಹೆಚ್ಚು ಕಾಯಬೇಕು, 150ರ ಮೇಲಿರುವವರು ಮೂರು ನಿಮಿಷ ಕಾಯಬೇಕು ಎಂದು ಹೇಳಿದ್ದರು.

ಕತ್ತಲಾದ ಮೇಲೆ ಕೆಳಗಿನ ಕೊಳದ ಕಡೆ ಬನ್ನಿ. ಕಾರಂಜಿ ಶುರುವಾದರೆ ಮೇಲಿನಿಂದ ಅದರ ವಿನ್ಯಾಸ, ಉಂಗುರಗಳು ಪೂರ್ತಿ ಕಾಣುತ್ತವೆ. ಒಂದು ಆಟ ಮೇಲಿನಿಂದ ನೋಡಿ ಇಳಿಯಿರಿ. ಇಳಿಯುವ ಲಿಫ್ಟ್‌ಗೂ ಸಾಲು ಇರುತ್ತದೆ, ಸಂಜೆ ಅರ್ಧ ಗಂಟೆ ಆಗುವುದೂ ಇದೆ. ಮಕ್ಕಳು ಹಸಿದು ಅಳುವ ಮೊದಲೇ ಸಾಲಿಗೆ ಬನ್ನಿ.

ಹೊರಗೆ ಹೋಗುವ ದಾರಿಯಲ್ಲಿ ಕಟ್ಟಡ ಕಟ್ಟಿದ ಕಥೆಯ ಚಿತ್ರಗಳಿವೆ. ಅವುಗಳ ಮುಂದೆ ಸ್ವಲ್ಪ ನಿಲ್ಲಿ. ನೆಲದಡಿ 192 ಕಾಂಕ್ರೀಟ್ ಕಂಬಗಳನ್ನು ಇಳಿಸಿದ್ದಾರೆ. ಬೇಸಿಗೆಯ ಉರಿಗೆ ಕಾಂಕ್ರೀಟ್ ಬಿರುಕು ಬಿಡಬಾರದು ಎಂದು ಐಸ್ ಬೆರೆಸಿ, ರಾತ್ರಿ ಹೊತ್ತು ಸುರಿಯುತ್ತಿದ್ದರು. ಕೆಲಸ ಜೋರಿದ್ದಾಗ ದಿನಕ್ಕೆ 12,000 ಜನ ಇಲ್ಲಿದ್ದರು. ಅವರಲ್ಲಿ ಹೆಚ್ಚಿನವರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಿಂದ ಬಂದವರು. ಕೂಲಿ ಕಡಿಮೆ ಎಂದು, ಪರಿಸ್ಥಿತಿ ಸರಿಯಿಲ್ಲ ಎಂದು 2006ರ ಮಾರ್ಚ್‌ನಲ್ಲಿ ಕೆಲಸಗಾರರು ಇಲ್ಲಿ ಪ್ರತಿಭಟಿಸಿದ್ದೂ ಈ ಕಟ್ಟಡದ ಕಥೆಯೇ. ಮಕ್ಕಳಿಗೆ ಎತ್ತರದ ಅಂಕಿ ಹೇಳುವಾಗ ಇದನ್ನೂ ಹೇಳಿ.

7. ಇಳಿದ ಮೇಲೆ

ಬುರ್ಜ್ ಖಲೀಫಾದ ಮೇಲೆ ನಿಂತರೆ ಬುರ್ಜ್ ಖಲೀಫಾ ಕಾಣುವುದಿಲ್ಲ, ಅಲ್ವಾ? ಹಾಗಾಗಿ ಕೆಳಗೆ ಬಂದ ಮೇಲೆ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಮಾಲ್‌ನಿಂದ ಕೊಳದ ಕಡೆಗೆ ಹೊರಬನ್ನಿ. ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ ಕಾರಂಜಿ ಆಡುತ್ತದೆ. ದಡದಿಂದ ನೋಡಲು ದುಡ್ಡು ಕೊಡಬೇಕಾಗಿಲ್ಲ. ಸೂಕ್ ಅಲ್ ಬಹರ್ ಎಂಬ ಮಾರುಕಟ್ಟೆಗೆ ಹೋಗುವ ಸಣ್ಣ ಸೇತುವೆಯ ಹತ್ತಿರ ಹತ್ತು ನಿಮಿಷ ಮೊದಲೇ ಹೋಗಿ ನಿಂತರೆ ಕಾರಂಜಿ ಮತ್ತು ಕಟ್ಟಡ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಪೂರ್ತಿ ಕಟ್ಟಡ ಫೋಟೊದಲ್ಲಿ ಬರಬೇಕಾದರೆ ಫೋನನ್ನು ಸೊಂಟದ ಮಟ್ಟಕ್ಕೆ ಇಳಿಸಿ, ತಲೆಕೆಳಗಾಗಿ ಹಿಡಿದು, ಮೇಲಕ್ಕೆ ವಾಲಿಸಿ ತೆಗೆಯಿರಿ.

ಕಟ್ಟಡದ ಮೈಮೇಲೆ ದೀಪದ ಆಟವೂ ಇರುತ್ತದೆ. 2021ರ ಜನವರಿ 31ರಂದು ಸುದೀಪ್ ಅವರ ಕನ್ನಡ ಸಿನಿಮಾದ ತುಣುಕು ಇದೇ ಗೋಡೆಯ ಮೇಲೆ ಮೂಡಿತ್ತು. ಇಲ್ಲಿನ ಕನ್ನಡಿಗರು ಆ ರಾತ್ರಿಯನ್ನು ಇನ್ನೂ ನೆನೆಯುತ್ತಾರೆ.

ಊಟಕ್ಕೆ ಮಾಲ್‌ನಲ್ಲಿ ಬೇಕಾದಷ್ಟಿದೆ, ಆದರೆ ಬೆಲೆ ಜಾಸ್ತಿ. ಅಮ್ಮಂದಿರಿಗೆ ಅನ್ನ ಸಾರು ಬೇಕು ಅನಿಸಿದರೆ ಕರಾಮ ಅಥವಾ ಬರ್ ದುಬೈ ಕಡೆ ಹೋಗಿ, ಉಡುಪಿ ಶೈಲಿಯ ಹೋಟೆಲ್‌ಗಳು ಅಲ್ಲಿವೆ. ಮೆಟ್ರೊ ಸಾಮಾನ್ಯವಾಗಿ ರಾತ್ರಿ ಹನ್ನೆರಡರವರೆಗೆ ಓಡುತ್ತದೆ. ಕೊನೆಯ ಕಾರಂಜಿ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಆ ಉದ್ದನೆಯ ಸೇತುವೆಗೆ ನುಗ್ಗುತ್ತಾರೆ. ಹತ್ತೂವರೆಯ ಆಟ ನೋಡಿ ಹೊರಟರೆ ರೈಲಿನಲ್ಲಿ ಕೂರಲು ಸೀಟು ಸಿಗುತ್ತದೆ.